ಅಕ್ಕಿಯ ಮೇಲೆ ಬರೆದ ಹೆಸರು

ನಮ್ಮ ಬೆಳಗಾವಿ ಕಡೆ ಬಹಳಷ್ಟು ಹೆಣ್ಣುಮಕ್ಕಳಿಗೆ ಎರಡು ಸಲ ನಾಮಕರಣವಾಗುತ್ತದೆ. ಒಂದು ತೊಟ್ಟಿಲಲ್ಲಿ, ಇನ್ನೊಂದು ಮದುವೆಯ ಹಂದರದಲ್ಲಿ. ತಾಳಿ ಕಟ್ಟಿದ ಮೇಲೆ ಒಂದು ತಾಟಿನಲ್ಲಿ ಅಕ್ಕಿ ಹರವಿ ಮದುಮಗನ ಮುಂದೆ ಇಡುತ್ತಾರೆ. ಅವನು ಉಂಗುರದ ತುದಿಯಿಂದ ಅಕ್ಕಿಯ ಮೇಲೆ ಹೊಸ ಹೆಸರು ಬರೆಯುತ್ತಾನೆ. ಯಾರೋ ಅದನ್ನು ಗಟ್ಟಿಯಾಗಿ ಓದುತ್ತಾರೆ, ಎಲ್ಲರಿಗೂ ಸಕ್ಕರೆ ಹಂಚುತ್ತಾರೆ. ಹುಡುಗಿಯ ಹಳೆಯ ಹೆಸರು ಅಲ್ಲಿಗೆ ತವರುಮನೆಯ ಪಾಲು. ಆಮೇಲೆ ಅದೇ ಅಕ್ಕಿಯನ್ನು ಒಳಗೆ ಒಯ್ದು ಅನ್ನ ಮಾಡುತ್ತಾರೆ. ಹೀಗಾಗಿ ಬರೆದದ್ದಕ್ಕೆ ಪುರಾವೆ ಉಳಿಯುವುದಿಲ್ಲ, ಎಲ್ಲರೂ ಉಂಡು ಕೈ ತೊಳೆದುಕೊಂಡಿರುತ್ತಾರೆ.

ದುಂಡಪ್ಪನ ಕಷ್ಟ ಶುರುವಾದದ್ದು ಇಂಥ ಒಂದು ತಾಟಿನಿಂದ. ಸುಮಾರು ಮೂವತ್ತು ವರ್ಷದ ಹಿಂದೆ ಖಾನಾಪುರದ ಕಾಶವ್ವನನ್ನು ಮದುವೆಯಾದಾಗ ಅವನು ಅಕ್ಕಿಯ ಮೇಲೆ ರೂಪಾಲಿ ಎಂದು ಬರೆದ. ಅವನ ತಾಯಿ ಹೇಳಿಕೊಟ್ಟಿದ್ದು ಸುಜಯ ಎಂದು. ಹೆಸರು ಓದಿದ ಕೂಡಲೇ ತಾಯಿಯ ಮುಖ ಕಪ್ಪಿಟ್ಟಿತು. ಈ ಹೆಸರು ಎಲ್ಲಿಂದ ಬಂತೋ ಎಂದು ಕೇಳಿದವರಿಗೆಲ್ಲ ಅವನು, ಕೈಗೆ ಬಂದದ್ದು ಬರೆದೆ ಎಂದು ಹೇಳಿ ತಪ್ಪಿಸಿಕೊಂಡ. ಅಂದಿನಿಂದ ಆಕೆ ಊರಿಗೆಲ್ಲ ರೂಪಾಲಿಯಾದಳು. ಇಟ್ಟವನು ಮಾತ್ರ ಆ ಹೆಸರಿನಿಂದ ಅವಳನ್ನು ಒಂದು ದಿನವೂ ಕರೆಯಲಿಲ್ಲ. ಮೊದಮೊದಲು 'ಕೇಳಿಲ್ಲೆ' ಎನ್ನುತ್ತಿದ್ದ, ಮಗಳು ಹುಟ್ಟಿದ ಮೇಲೆ 'ಸಮೃದ್ಧಿಯವ್ವ' ಎನ್ನತೊಡಗಿದ. ಅವಳನ್ನು ಏನೆಂದು ಕರೆಯಬೇಕು ಎನ್ನುವುದೇ ಈ ಕತೆಯ ರಗಳೆ. ಸದ್ಯಕ್ಕೆ ನಾವು ಕಾಶವ್ವ ಎನ್ನೋಣ.

ದುಂಡಪ್ಪ ರವಿವಾರ ಪೇಟೆಯ ಒಂದು ಬೇಳೆಕಾಳಿನ ಸಗಟು ಅಂಗಡಿಯಲ್ಲಿ ದಿವಾನಜಿ. ಅಂದರೆ ಮಾಲಕರ ಲೆಕ್ಕ ಮತ್ತು ಮಾಲಕರ ಬೈಗುಳ ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳುವ ಕೆಲಸ. ಸದಾಶಿವನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಒಬ್ಬಳೇ ಮಗಳು ಸಮೃದ್ಧಿ ಗಂಡನ ಜೊತೆ ಮಸ್ಕತ್ತಿನಲ್ಲಿದ್ದಾಳೆ. ಹೋದ ವರ್ಷ ಅವಳ ಮೊದಲ ಬಸಿರು ಏಳನೆಯ ತಿಂಗಳಲ್ಲಿ ಹೋಯಿತು. ಅಳಿಯ ಕೆಲಸಕ್ಕೆ ಹೋದ ಮೇಲೆ ಆ ಫ್ಲ್ಯಾಟಿನಲ್ಲಿ ಅವಳೊಬ್ಬಳೇ ಗೋಡೆ ನೋಡುತ್ತ ಮಲಗಿರುತ್ತಿದ್ದಳು. ಅಲ್ಲಿ ಮಗಳು ಅಳುತ್ತಿದ್ದರೆ ಇಲ್ಲಿ ತಾಯಿ ಫೋನಿನ ಗಾಜಿನ ಮೇಲೆ ಕೈಯಾಡಿಸುತ್ತಿದ್ದಳು. ಅದಕ್ಕಿಂತ ಹೆಚ್ಚು ಏನೂ ಮಾಡಲಾಗಲಿಲ್ಲ, ಯಾಕೆಂದರೆ ಪಾಸ್‌ಪೋರ್ಟ್ ಇರಲಿಲ್ಲ. ಈಗ ಮತ್ತೆ ಅವಳಿಗೆ ದಿನ ತುಂಬುತ್ತ ಬಂದಿತ್ತು. ಈ ಸಲ ನಾನು ಹೋಗುವವಳೇ ಎಂದು ಕಾಶವ್ವ ಒಂದೇ ಒಂದು ಸಲ ಹೇಳಿದಳು. ಅವಳು ಎರಡನೆಯ ಸಲ ಹೇಳುವ ಪೈಕಿ ಅಲ್ಲ ಎಂದು ದುಂಡಪ್ಪನಿಗೆ ಗೊತ್ತಿತ್ತು.

ಇಬ್ಬರೂ ಒಂದೇ ದಿನ ಅರ್ಜಿ ಹಾಕಿದರು. ದುಂಡಪ್ಪನ ಕಾಗದಗಳಲ್ಲಿ ತಕರಾರು ಇರಲಿಲ್ಲ. ಗಂಡಸಿಗೆ ತೊಟ್ಟಿಲಲ್ಲಿ ಇಟ್ಟ ಹೆಸರು ಕುಣಿಯ ತನಕ ಬಾಳುತ್ತದೆ. ಹೆಂಡತಿಯ ಹೆಸರು ಎಂಬಲ್ಲಿ ರೂಪಾಲಿ ಎಂದು ತುಂಬಿದ್ದ, ಅವನ ಅರ್ಜಿ ಸಲೀಸಾಗಿ ಪೊಲೀಸ್ ತಪಾಸಣೆಗೆ ಹೊರಟಿತು. ಕಾಶವ್ವನ ಸರದಿ ಬಂದಾಗ ಕೌಂಟರಿನ ಹುಡುಗಿ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಆಧಾರ್ ಕಾರ್ಡಿನಲ್ಲಿ ರೂಪಾಲಿ. ಶಾಲೆ ಬಿಟ್ಟ ದಾಖಲೆಯಲ್ಲಿ ಕಾಶವ್ವ. ಇವರಿಬ್ಬರೂ ಒಬ್ಬರೇ ಎನ್ನುವುದಕ್ಕೆ ಏನಿದೆ ಎಂದು ಅವಳು ಸಮಾಧಾನದಿಂದ ಕೇಳಿದಳು. ದುಂಡಪ್ಪ ಹೆಂಡತಿಯನ್ನೇ ಮುಂದೆ ನಿಲ್ಲಿಸಿ ತೋರಿಸಿದ. ಮನುಷ್ಯರು ಸಾಲುವುದಿಲ್ಲ, ಕಾಗದ ಬೇಕು ಎಂದಳು ಹುಡುಗಿ. ಮದುವೆ ನೋಂದಣಿ ಮಾಡಿಸಿ ಎರಡೂ ಹೆಸರು ಬರೆಸಿಕೊಂಡು ಬಂದರೆ ಕೆಲಸವಾಗುತ್ತದೆ ಎಂದು ದಾರಿಯನ್ನೂ ಹೇಳಿದಳು.

ಮದುವೆಯಲ್ಲಿ ಹಂದರ ಹಾಕಿದ್ದರು, ಬಾಜಾ ಬಾರಿಸಿದ್ದರು, ಬುಂದೆ ಲಾಡು ಮಾಡಿದ್ದರು. ನೋಂದಣಿಯ ನೆನಪು ಮಾತ್ರ ಯಾರಿಗೂ ಆಗಿರಲಿಲ್ಲ. ಖಾನಾಪುರದಲ್ಲೇ ಇರುವ ಕಾಶವ್ವನ ಅಣ್ಣ ಸಿದರಾಯ ಅಲ್ಲಿಯ ಉಪನೋಂದಣಿ ಕಚೇರಿಯಲ್ಲಿ ವಿಚಾರಿಸಿ ಫೋನು ಮಾಡಿದ. ಗುರುವಾರ ಬಂದುಬಿಡಿ, ಆಮೇಲೆ ಸಾಲು ರಜೆ. ಹಳೆಯ ಲಗ್ನಪತ್ರಿಕೆ, ಮದುವೆಯದೊಂದು ಫೋಟೋ, ಕಣ್ಣಾರೆ ಕಂಡ ಮೂವರು ಸಾಕ್ಷಿಗಳು ಬೇಕು ಎಂದ. ದುಂಡಪ್ಪನಿಗೆ ಎದೆ ಹಗುರಾಯಿತು. ಆ ಹೆಸರು ಯಾಕೆ ಎಂದು ಯಾರೂ ಕೇಳದಿದ್ದರೆ ಸಾಕು, ಉಳಿದದ್ದೆಲ್ಲ ದೊಡ್ಡ ಮಾತಲ್ಲ ಎಂದುಕೊಂಡ.

ಗುರುವಾರ ಬೆಳಗ್ಗೆ ಗೋಡೆಯ ಮೇಲಿನ ಮದುವೆಯ ಫೋಟೋವನ್ನು ಕಟ್ಟಿನ ಸಮೇತ ಇಳಿಸಿ, ಕಂಕುಳಲ್ಲಿ ಹಿಡಿದು ಅವನು ಬಾಗಿಲು ದಾಟಿದ. ಎದುರು ಮನೆಯ ಯಲ್ಲೇಶ ಹಲ್ಲುಜ್ಜುತ್ತ ನಿಂತಿದ್ದ. ಯಲ್ಲೇಶನದು ಮೊಬೈಲ್ ರಿಪೇರಿ ಅಂಗಡಿ. ಓಣಿಯವರ ಕೆಲಸಗಳನ್ನೆಲ್ಲ ಮುಗಿಸಿ ಹೊತ್ತು ಉಳಿದರೆ ಅವನು ಅದನ್ನು ತೆರೆಯುತ್ತಾನೆ. ಎಲ್ಲಿಗೆ ಎಂದು ಅವನು ಕೇಳಿದ. ಬೆಳಬೆಳಗ್ಗೆ ಸುಳ್ಳು ಹೊಳೆಯದೆ ದುಂಡಪ್ಪ, ಮದುವೆ ನೋಂದಣಿಗೆ ಎಂದುಬಿಟ್ಟ.

“ಅಂದ್ರ ಇಷ್ಟ ವರ್ಷ ಆಗಿದ್ದಿಲ್ಲೇನ್ರಿ ಕಾಕಾ?” ಎಂದ ಯಲ್ಲೇಶ, ಬಾಯಿಯ ನೊರೆ ಉಗುಳುವುದನ್ನೂ ಮರೆತು.

ಆಗಿದೆ ಮಾರಾಯ, ಬರೆಸುವುದಷ್ಟೇ ಬಾಕಿ ಎಂದು ದುಂಡಪ್ಪ ಬಿಡಿಸಿ ಹೇಳುವಷ್ಟರಲ್ಲಿ ಮಾತು ಅವರಿಗಿಂತ ಮುಂದೆ ಓಣಿಯ ತುದಿ ಮುಟ್ಟಿತ್ತು. ಹಾಲಿನ ಅಂಗಡಿಯ ಮುಂದೆ ನಿಂತಿದ್ದ ಹೆಂಗಸರು ಕಾಶವ್ವನನ್ನು ಮೇಲಿನಿಂದ ಕೆಳಗೆ ನೋಡಿದರು. ಅವರಲ್ಲಿ ಹಿರಿಯಳೊಬ್ಬಳು ಹತ್ತಿರ ಬಂದು ಅವಳ ಕೈ ಹಿಡಿದುಕೊಂಡು, “ಈಗರೆ ಮನಸ್ಸ ಮಾಡಿದ್ರಲ್ಲ, ಚಲೋ ಆತ ಬಿಡವಾ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಸ್ ಸ್ಟ್ಯಾಂಡಿಗೆ ಹೋಗಲು ರಿಕ್ಷಾ ಹತ್ತಿದರೆ ಮುಂದೆ ಚಾಲಕನ ಬಾಜು ಯಲ್ಲೇಶ ಕೂತಿದ್ದ. ಸಾಕ್ಷಿ ಕಡಿಮೆ ಬಿದ್ದರೆ ನಾನಿರುತ್ತೇನೆ ಎಂದ. ಅವನ ತೊಡೆಯ ಮೇಲೆ ಎರಡು ಸೇವಂತಿಗೆಯ ಹಾರಗಳಿದ್ದವು. ಬೇಡವೆಂದರೂ ಇಳಿಯುವ ಗಿರಾಕಿ ಅವನಲ್ಲ.

ಖಾನಾಪುರದ ಬಸ್ಸಿನಲ್ಲಿ ದುಂಡಪ್ಪ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಸಾಕ್ಷಿಗಳನ್ನು ಹುಡುಕತೊಡಗಿದ. ಹಿಂದಿನ ಸಾಲಿನಲ್ಲಿ ರುಮಾಲು ಸುತ್ತಿದ ಸೋದರಮಾವ ಇದ್ದ, ಅವನು ತೀರಿಕೊಂಡಿದ್ದ. ಅವನ ಪಕ್ಕದಲ್ಲಿ ನಿಂತ ಗೌಡರೂ ತೀರಿಕೊಂಡಿದ್ದರು. ಅಕ್ಷತೆ ಹಿಡಿದು ನಗುತ್ತಿದ್ದ ಮಾಸ್ತರರು ಕಳೆದ ದೀಪಾವಳಿಯಲ್ಲಿ ಹೋದರು. ಮದುವೆ ಮಾಡಿಸಿದ ಅಯ್ಯನವರು ಹೋಗಿಯೇ ಹತ್ತು ವರ್ಷವಾಗಿತ್ತು. ಬೆರಳು ಮುಂದೆ ಸರಿದಂತೆಲ್ಲ ಕಾಶವ್ವ ಮೆಲ್ಲಗೆ 'ಇಲ್ಲ', 'ಅವರೂ ಇಲ್ಲ' ಎನ್ನುತ್ತಿದ್ದಳು. ದುಂಡಪ್ಪನ ತಾಯಿಯ ಮೇಲೆ ಬೆರಳು ಬಂದಾಗ ಅವನು ಅದನ್ನು ಬೇಗ ಮುಂದಕ್ಕೆ ಸರಿಸಿದ. ಫೋಟೋದೊಳಗೆ ಜೀವಂತ ಉಳಿದವರು ಮದುಮಕ್ಕಳು, ಸಿದರಾಯ, ತಾಟು ಹಿಡಿದು ನಿಂತ ಬಾಳವ್ವ ಇಷ್ಟೇ. ಯಲ್ಲೇಶ ಹಿಂದಿನ ಸೀಟಿನಿಂದ ಬಗ್ಗಿ ನೋಡಿ, ಫೋಟೋ ಚೆನ್ನಾಗಿ ಬಂದಿದೆ ಎಂದು ಸಮಾಧಾನ ಹೇಳಿದ.

ಬಾಳವ್ವ ಕಾಶವ್ವನ ಚಿಗವ್ವ, ಅಂದರೆ ತಾಯಿಯ ತಂಗಿ. ವಯಸ್ಸು ಎಂಬತ್ತು ದಾಟಿದೆ. ಕಣ್ಣು ಮಂದವಾಗಿದೆ, ಮೊಣಕಾಲು ಬಿದ್ದುಹೋಗಿವೆ, ನೆನಪು ಮಾತ್ರ ಗಟ್ಟಿಯಾಗಿ ಕೂತಿದೆ. ಇಂಥ ನೆನಪು ಮನೆಯಲ್ಲಿ ಒಬ್ಬರಿಗೆ ಇದ್ದರೆ ಉಳಿದವರಿಗೆ ನೆಮ್ಮದಿ ಇರುವುದಿಲ್ಲ. ಸಿದರಾಯ ಅವಳನ್ನು ಕಚೇರಿಯ ಮುಂದಿನ ಕಟ್ಟೆಯ ಮೇಲೆ ಕೂಡಿಸಿದ್ದ. ಬೆಳಗಾವಿಯವರು ಬಂದು ಮುಟ್ಟಿದ ಕೂಡಲೇ ಯಲ್ಲೇಶ, ಬೇಡ ಬೇಡ ಎನ್ನುವಷ್ಟರಲ್ಲಿ ಇಬ್ಬರ ಕೊರಳಿಗೂ ಹಾರ ಹಾಕಿಬಿಟ್ಟ. ಹೊಲದ ಖರೀದಿಗೆ ಬಂದು ಕಾಯುತ್ತಿದ್ದ ಜನ ತಮ್ಮ ಬೇಸರ ಮರೆತು ಎದ್ದು ನಿಂತರು. ಇಷ್ಟು ವಯಸ್ಸಿನ ತನಕ ಮನೆಯವರು ಒಪ್ಪಿರಲಿಲ್ಲವೇನೋ ಎಂದು ಯಾರೋ ಮರಾಠಿಯಲ್ಲಿ ಕೇಳಿದರು. ಒಬ್ಬ ಮುದುಕ ಇಬ್ಬರ ತಲೆಯ ಮೇಲೂ ಕೈಯಿಟ್ಟು ಆಶೀರ್ವಾದ ಮಾಡಿ, ಮಕ್ಕಳಾಗಲಿ ಎಂದ. ದುಂಡಪ್ಪ ನೆಲ ನೋಡುತ್ತ ನಿಂತ. ಹಾರ ತೆಗೆಯಬೇಕೆಂದರೆ ಒಂದು ಕೈಯಲ್ಲಿ ಫೋಟೋ, ಇನ್ನೊಂದರಲ್ಲಿ ಕಾಗದದ ಚೀಲ ಇದ್ದವು.

ಒಳಗೆ ಮೇಜಿನ ಹಿಂದೆ ಕೂತಿದ್ದವನು ಪ್ರಸಾದ ಎಂಬ ಗುಮಾಸ್ತ. ಚಿಕ್ಕ ವಯಸ್ಸು, ಮರ್ಯಾದಸ್ಥ. ಲಗ್ನಪತ್ರಿಕೆ ನೋಡಿದ, ಫೋಟೋ ನೋಡಿದ, ಮುಖಗಳನ್ನು ನೋಡಿದ. ಫೋಟೋದೊಳಗಿನ ದುಂಡಪ್ಪನಿಗೆ ತಲೆತುಂಬ ಕೂದಲಿತ್ತು. ಪ್ರಸಾದ ಮೂಗು ಕಿವಿ ಹೋಲಿಸಿ ಒಪ್ಪಿಕೊಂಡ. ಮೂರನೆಯ ಸಾಕ್ಷಿ ಎಲ್ಲಿ ಎಂದಾಗ ಯಲ್ಲೇಶ ಅಂಗಿಯ ತೋಳು ಸರಿಮಾಡಿಕೊಂಡು ಮುಂದೆ ಬಂದ. ಮದುವೆಯಲ್ಲಿ ಲಾಡು ಹೇಗಿತ್ತು, ಬದನೆಕಾಯಿ ಪಲ್ಯದಲ್ಲಿ ಉಪ್ಪು ಹೇಗೆ ಮುಂದಾಗಿತ್ತು, ಎಲ್ಲ ಹೇಳಿದ. ಪ್ರಸಾದ ಅವನ ಆಧಾರ್ ಕಾರ್ಡ್ ತಿರುಗಿಸಿ ನೋಡಿ, ಆ ಹೊತ್ತಿಗೆ ನೀವು ಹುಟ್ಟಿ ಎರಡು ವರ್ಷವಾಗಿತ್ತಲ್ಲ ಎಂದ.

“ನಮ್ಮವ್ವನ ಬಗಲಾಗಿದ್ನಿರಿ. ಆದ್ರ ಎಲ್ಲಾ ನೆನಪೈತಿ.”

ಪ್ರಸಾದ ಕಾರ್ಡನ್ನು ಹಿಂದಕ್ಕೆ ಕೊಟ್ಟ. ಇನ್ನು ಯಾರನ್ನು ಎಲ್ಲಿಂದ ತರುವುದು ಎಂದು ದುಂಡಪ್ಪ ಮತ್ತೆ ಫೋಟೋದ ಮೇಲೆ ಬೆರಳಾಡಿಸಿದ. ಸಾಲು ರಜೆ ಮುಗಿಯುವ ತನಕ ಕಾಯ್ದರೆ ಮಗಳ ದಿನಗಳು ಕಾಯಬೇಕಲ್ಲ. ಆಗ ಸಿದರಾಯನಿಗೆ ತನ್ನ ಹೆಂಡತಿಯ ನೆನಪಾಯಿತು. ಮದುವೆಗೆ ಅವಳೂ ಇದ್ದಳು, ಆದರೆ ಅಡಿಗೆಮನೆಯಿಂದ ಹೊರಗೆ ಬರಲು ಬಿಡುವು ಸಿಗದೆ ಒಂದೇ ಒಂದು ಫೋಟೋದಲ್ಲೂ ಇರಲಿಲ್ಲ. ಹಾಗಾಗಿ ಇಷ್ಟು ಹೊತ್ತು ಅವಳು ಯಾರ ತಲೆಗೂ ಹೊಳೆದಿರಲಿಲ್ಲ. ಫೋನು ಮಾಡಿದ ಮೇಲೆ ಅವಳು ಒಲೆಯ ಮೇಲಿನ ಅನ್ನ ಇಳಿಸಿ, ಕೈ ಒರೆಸಿಕೊಳ್ಳುತ್ತ ಬಂದಳು. ಮೂವರೂ ಸಹಿ ಮಾಡಲು ಸಾಲಾಗಿ ಕೂತರು. ದುಂಡಪ್ಪ ಉಸಿರು ಬಿಟ್ಟ.

ಆ ಉಸಿರು ಪೂರ್ತಿ ಹೊರಬರಲಿಲ್ಲ. ಮದುವೆಯ ಮುಂಚಿನ ಹೆಸರು ಕಾಶವ್ವ, ಆಮೇಲಿನ ಹೆಸರು ರೂಪಾಲಿ ಎಂದು ಪ್ರಸಾದ ಗಟ್ಟಿಯಾಗಿ ಓದಿ, ಹೆಸರು ಬದಲಾದದ್ದನ್ನು ನೋಡಿದವರು ಯಾರು ಎಂದು ಕೇಳಿದ. ಸಿದರಾಯ ಆ ಹೊತ್ತಿಗೆ ಬಾಜಾದವರನ್ನು ಉಣ್ಣಿಸುತ್ತಿದ್ದನಂತೆ. ಅವನ ಹೆಂಡತಿ ಒಲೆಯ ಮುಂದಿದ್ದಳು. ಬಾಳವ್ವ ಕೋಲು ಊರಿ ಮುಂದಕ್ಕೆ ಬಾಗಿದಳು.

“ನಾ ನೋಡೀನಿ. ತಾಟ ನಾನ ಹಿಡದಿದ್ದೆ. ಇವ್ರವ್ವ ಸುಜಯ ಅಂತ ಬರಿ ಅಂದ್ಲು. ಅಳಿಯಂದ್ರು ರೇಲ್ವೆ ಹುಡುಗೀ ಹೆಸರ ಬರದ್ರು.”

ಯಾವ ರೇಲ್ವೆ ಹುಡುಗಿ ಎಂದು ಕೇಳಬೇಕಾದದ್ದು ಕಚೇರಿಯ ಕೆಲಸವಲ್ಲ. ಆದರೂ ಪ್ರಸಾದನ ಪೆನ್ನು ನಿಂತಿತು. ಕೇಳಿದವನು ಯಲ್ಲೇಶ. ಬಾಳವ್ವ ಮದುವೆಯ ದಿನ ದುಂಡಪ್ಪನ ಲೋಂಡಾದ ಗೆಳೆಯರು ಚಹಾ ಕುಡಿಯುತ್ತ ನಗಾಡಿಕೊಂಡದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಈಗ ಸರ್ಕಾರವೇ ಕೇಳುತ್ತಿದೆ ಎಂದ ಮೇಲೆ ಮುಚ್ಚಿಡುವುದು ಪಾಪವೆಂದು ಒಂದೂ ಬಿಡದೆ ಹೇಳಿದಳು.

ಸಂಗತಿ ಇಷ್ಟೇ. ದುಂಡಪ್ಪನ ತಂದೆ ಲೋಂಡಾದಲ್ಲಿ ರೇಲ್ವೆ ಕೂಲಿಯಾಗಿದ್ದರು. ದುಂಡಪ್ಪ ಅಲ್ಲಿಂದ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಬೆಳಗಾವಿಯ ಕಾಲೇಜಿಗೆ ಬರುತ್ತಿದ್ದ. ಖಾನಾಪುರದಲ್ಲಿ ಒಬ್ಬಳು ಹುಡುಗಿ ಹತ್ತುತ್ತಿದ್ದಳು. ಅವಳು ಹತ್ತುವ ಡಬ್ಬಿಯ ಬಾಗಿಲಲ್ಲಿ ಇವನು ಎರಡು ವರ್ಷ ನಿಂತ. ಸೀಟು ಖಾಲಿ ಇದ್ದರೂ ಕೂಡಲಿಲ್ಲ. ಒಂದು ಮಾತು ಆಡಲಿಲ್ಲ, ಒಂದು ಚೀಟಿ ಕೊಡಲಿಲ್ಲ. ಆ ಹುಡುಗಿಗೆ ಇವನ ಹೆಸರಿರಲಿ, ಬಾಗಿಲಲ್ಲಿ ನಿಂತದ್ದು ಮನುಷ್ಯನೋ ಕಂಬವೋ ಎಂಬುದರ ಖಬರೂ ಇದ್ದಂತಿರಲಿಲ್ಲ. ಮೂರನೆಯ ವರ್ಷ ಅವಳು ಬರುವುದು ನಿಂತಿತು. ಯಾರನ್ನು ಕೇಳುವುದು? ಅವನಿಗೆ ಉಳಿದದ್ದು ಹೆಸರೊಂದೇ. ಮುಂದೆ ಅಕ್ಕಿಯ ತಾಟು ಎದುರು ಬಂದಾಗ, ಬುದ್ಧಿ ಬೇಡ ಅಂದರೂ ಕೈ ಅದನ್ನೇ ಬರೆಯಿತು. ಬರೆದ ಕ್ಷಣವೇ ಅವನಿಗೆ ನಾಚಿಕೆಯಾಯಿತು, ಆ ನಾಚಿಕೆ ಮತ್ತೆ ಹೋಗಲೇ ಇಲ್ಲ. ಪರರ ಹೆಸರನ್ನು ಹೆಂಡತಿಯ ಮೇಲೆ ಹೊರಿಸಿದೆನಲ್ಲ ಎಂದು ಅವನು ಎಷ್ಟೋ ಸಲ ಒಳಗೊಳಗೇ ಬೆಂದಿದ್ದಾನೆ. ಹೇಳಿಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲ.

ಹೊಲದ ಖರೀದಿಯವರು ಬಾಗಿಲಿಗೆ ಬಂದು ನಿಂತಿದ್ದರು. ಹಾರ ಹಾಕಿಕೊಂಡು, ಮುಖದ ಬಣ್ಣ ಹೋಗಿ ಕೂತ ದುಂಡಪ್ಪನನ್ನು ನೋಡಿದರೆ ನಗುವವರಿಗೂ ಅಯ್ಯೋ ಅನ್ನಿಸುವಂತಿತ್ತು. ಕಾಶವ್ವ ತನ್ನ ಕೊರಳಿನ ಹಾರವನ್ನು ತೆಗೆದು ಮೇಜಿನ ಮೂಲೆಗೆ ಇಟ್ಟಳು.

“ಆ ಹೆಸರ ಬ್ಯಾಡ್ರಿ” ಎಂದಳು ಪ್ರಸಾದನಿಗೆ. “ಮದುವಿ ಮೊದ್ಲ ಕಾಶವ್ವ, ಮದುವಿ ಆದ ಮ್ಯಾಲೂ ಕಾಶವ್ವ. ಹಂಗ ಬರೀರಿ.”

ಹಾಗೆ ಬರೆಯಲು ಅಡ್ಡಿಯಿಲ್ಲ, ಆದರೆ ಈ ಕಾಗದ ತೋರಿಸಿ ಆಧಾರ್ ಕಾರ್ಡಿನಲ್ಲೂ ಬದಲು ಮಾಡಿಸಬೇಕಾಗುತ್ತದೆ ಎಂದು ಪ್ರಸಾದ ತಿಳಿಸಿದ. ಮಾಡಿಸುತ್ತೇನೆ ಎಂದಳು. ದುಂಡಪ್ಪನಿಗೆ ಬಾಯಿ ಬಂತು. ಓಣಿಗೆಲ್ಲ ನೀನು ರೂಪಾಲಿ, ರೇಶನ್ ಕಾರ್ಡಿನಲ್ಲಿ ರೂಪಾಲಿ, ನನ್ನ ಅರ್ಜಿಯಲ್ಲೂ ಅದೇ ಇದೆ, ಇಷ್ಟು ವರ್ಷ ನಡೆದದ್ದು ಇನ್ನೊಂದು ಸ್ವಲ್ಪ ದಿನ ನಡೆಯಲಿ ಎಂದು ತೊದಲಿದ. ಕಾಶವ್ವ ಅವನ ಕಡೆ ತಿರುಗಿದಳು. ಸಿಟ್ಟು ಇರಲಿಲ್ಲ, ದಣಿವು ಇತ್ತು.

“ಮಗಳ ಬಾಣಂತನಕ್ಕ ನಾ ಹೊಂಟೀನಿ. ಆಕೀನ್ನ ಯಾಕ ಕರ್ಕೊಂಡ ಹೋಗ್ಲಿ?”

ಪ್ರಸಾದ ಆಕೆ ಹೇಳಿದಂತೆಯೇ ಬರೆದ. ಸಾಕ್ಷಿಗಳು ಸಹಿ ಮಾಡಿದರು, ಬಾಳವ್ವ ಹೆಬ್ಬೆಟ್ಟು ಒತ್ತಿದಳು. ಸಿದರಾಯನ ಹೆಂಡತಿ ಇಳಿಸಿ ಬಂದಿದ್ದ ಅನ್ನವನ್ನೇ ಎಲ್ಲರೂ ಉಂಡರು. ಸಂಜೆಯ ಬಸ್ಸಿನಲ್ಲಿ ಕಾಶವ್ವ ಕಿಟಕಿಯ ಬದಿ ಕೂತು ಪ್ರಮಾಣಪತ್ರದ ಚೀಲವನ್ನು ಎದೆಗೆ ಹಿಡಿದುಕೊಂಡಿದ್ದಳು. ತಪ್ಪಾಯಿತು ಎನ್ನಬೇಕೆಂದು ದುಂಡಪ್ಪ ಎರಡು ಮೂರು ಸಲ ಬಾಯಿ ತೆರೆದ. ಏನೆಂದು ಕರೆದು ಮಾತು ಶುರು ಮಾಡಬೇಕು ಎನ್ನುವುದು ತಿಳಿಯುವ ಮೊದಲೇ ಬೆಳಗಾವಿ ಬಂತು.

ಅವಳ ಕೆಲಸ ಮಾತ್ರ ಎಣ್ಣೆ ಹಚ್ಚಿದಂತೆ ನಡೆಯಿತು. ಆಧಾರ್ ಕಾರ್ಡಿನಲ್ಲಿ ಕಾಶವ್ವ, ಶಾಲೆಯ ದಾಖಲೆಯಲ್ಲಿ ಕಾಶವ್ವ, ಮದುವೆಯ ಕಾಗದದಲ್ಲಿ ಕಾಶವ್ವ. ಕೌಂಟರಿನ ಹುಡುಗಿಗೆ ಕೇಳಲು ಪ್ರಶ್ನೆಯೇ ಉಳಿಯಲಿಲ್ಲ. ತತ್ಕಾಲದಲ್ಲಿ ಹಾಕಿದ ಅರ್ಜಿ, ಪಾಸ್‌ಪೋರ್ಟ್ ಬೇಗನೆ ಬಂತು. ಅಳಿಯ ಟಿಕೆಟು ಕಳಿಸಿದ. ಹೆರಿಗೆಗೆ ಇನ್ನೂ ದಿನಗಳಿರುವಾಗಲೇ ಕಾಶವ್ವ ಮೆಂತ್ಯದ ಹಿಟ್ಟು, ಅಳವಿ ಬೀಜ, ಕೊಬ್ಬರಿ ಕಟ್ಟಿಕೊಂಡು ಮಗಳ ಮನೆ ಮುಟ್ಟಿದಳು. ನನ್ನದೂ ಇನ್ನೇನು ಬರುತ್ತದೆ, ಹೆರಿಗೆಯ ಹೊತ್ತಿಗೆ ನಾನೂ ಬಂದುಬಿಡುತ್ತೇನೆ ಎಂದು ಕಳಿಸುವಾಗ ದುಂಡಪ್ಪ ವಿಮಾನ ನಿಲ್ದಾಣದಲ್ಲಿ ಹೇಳಿದ್ದ. ಆಕೆ ಹೂಂ ಎಂದಿದ್ದಳು.

ಆಮೇಲೆ ಒಂದು ಮಧ್ಯಾಹ್ನ ಪೊಲೀಸ್ ಠಾಣೆಯಿಂದ ಕಲ್ಮೇಶ ಎಂಬಾತ ದುಂಡಪ್ಪನ ತಪಾಸಣೆಗೆ ಬಂದ. ಸೌಮ್ಯ ಮನುಷ್ಯ. ಕುರ್ಚಿಯಲ್ಲಿ ಕೂತು, ನೀರು ಕುಡಿದು, ನಾನು ಇದಕ್ಕೂ ಮುಂಚೆ ಒಂದು ಗುರುವಾರ ಬಂದಿದ್ದೆ, ಬೀಗ ಹಾಕಿತ್ತು ಎಂದ. ಮನೆಯವರು ಎಲ್ಲಿ ಎಂದು ಓಣಿಯಲ್ಲಿ ಕೇಳಿದ್ದಕ್ಕೆ, ದುಂಡಪ್ಪನವರು ಮದುವೆ ಮಾಡಿಕೊಳ್ಳಲು ಖಾನಾಪುರಕ್ಕೆ ಹೋಗಿದ್ದಾರೆ ಎಂದು ಹೇಳಿದರಂತೆ. ಈಗ ಹೆಂಡತಿ ರೂಪಾಲಿಯವರನ್ನು ಒಮ್ಮೆ ಕರೆಯಿರಿ ಎಂದ. ಅವಳು ಮಸ್ಕತ್ತಿಗೆ ಹೋಗಿದ್ದಾಳೆ ಎಂದ ದುಂಡಪ್ಪ. ಈ ವಿಳಾಸದಿಂದ ಪರದೇಶಕ್ಕೆ ಹೋದವರು ಕಾಶವ್ವ ಎಂಬುವರು ಎಂದ ಕಲ್ಮೇಶ. ಕಾಶವ್ವ ನನ್ನ ಹೆಂಡತಿಯೇ ಎಂದು ದುಂಡಪ್ಪ ಮದುವೆಯ ಪ್ರಮಾಣಪತ್ರದ ನಕಲು ತಂದು ತೋರಿಸಿದ. ಕಲ್ಮೇಶ ಅದನ್ನು ಎರಡು ಸಲ ಓದಿದ. ಅದರ ನೋಂದಣಿಯ ತಾರೀಕು ಅದೇ ಗುರುವಾರದ್ದು. ಅದರಲ್ಲಿ ರೂಪಾಲಿ ಎಂಬ ಮೂರಕ್ಷರ ಎಲ್ಲೂ ಇರಲಿಲ್ಲ.

“ನಾ ಏನೂ ಅನ್ನಂಗಿಲ್ರಿ” ಎಂದ ಕಲ್ಮೇಶ ಮೆತ್ತಗೆ. “ಕಾಶವ್ವ ಅವ್ರದ ಗೊತ್ತಾತು. ಮೊದಲನೇದವ್ರು, ರೂಪಾಲಿ ಅವ್ರು, ಈಗ ಎಲ್ಲಿದಾರ?”

ದುಂಡಪ್ಪ ಓಡಿಹೋಗಿ ಯಲ್ಲೇಶನನ್ನು ಕರೆತಂದ. ಇಬ್ಬರೂ ಒಬ್ಬರೇ ಎಂದು ಹೇಳಲು, ನೋಂದಣಿಯಲ್ಲಿ ಆದದ್ದನ್ನು ಇಡೀ ಓಣಿಯಲ್ಲಿ ಕಣ್ಣಾರೆ ಕಂಡವನು ಅವನೊಬ್ಬನೇ. ಯಲ್ಲೇಶ ಈ ಸಲ ಸುಳ್ಳು ಹೇಳಬಾರದೆಂದು ನಿರ್ಧಾರ ಮಾಡಿದ್ದ. ಖಾನಾಪುರದ ಕಚೇರಿಯಲ್ಲಿ ಏನೇನಾಯಿತೋ ಅಷ್ಟನ್ನೂ ಹೇಳಿದ. ರೂಪಾಲಿ ಎನ್ನುವವಳು ಬೇರೆ, ಕಾಕಾ ಮೊದಲು ಅವಳ ಮೇಲೆ ಮನಸ್ಸಿಟ್ಟಿದ್ದರು, ನಾನು ಅವಳಲ್ಲ ಎಂದು ಕಾಶವ್ವ ಕಾಕು ತಮ್ಮ ಬಾಯಿಂದಲೇ ಹೇಳಿದರು, ನಾನು ಅಲ್ಲೇ ಇದ್ದೆ ಎಂದ. ಎಲ್ಲವೂ ಖರೇ ಮಾತು. ಕಲ್ಮೇಶ ಬರೆದುಕೊಂಡು ಎದ್ದು ನಿಂತ. ಗಾಬರಿಯಾಗಬೇಡಿ, ರೂಪಾಲಿಯವರು ಬಂದು ತಾವು ಹೆಂಡತಿ ಹೌದು ಎಂದು ಒಂದು ಸಹಿ ಮಾಡಿದರೆ ಮುಗಿಯಿತು, ಅಲ್ಲಿಯ ತನಕ ಅರ್ಜಿ ಹೀಗೇ ಇರುತ್ತದೆ ಎಂದು ಹೇಳಿ ಹೊರಟ. ಬೇಕಿದ್ದರೆ ಹೊಸ ಅರ್ಜಿ ಹಾಕಬಹುದು, ಆದರೆ ಅದಕ್ಕೂ ಹಳೆಯ ಹೆಂಡತಿಯ ಲೆಕ್ಕ ಕೊಡಬೇಕಾಗುತ್ತದೆ ಎಂದ.

ಹೆರಿಗೆ ಅವನನ್ನು ಕಾಯಲಿಲ್ಲ. ಹೆಣ್ಣು ಕೂಸು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಅಳಿಯ ಹೇಳಿದಾಗ ದುಂಡಪ್ಪ ಅಂಗಡಿಯ ತೊಗರಿ ಮೂಟೆಗಳ ನಡುವೆ ನಿಂತು ಅತ್ತುಬಿಟ್ಟ. ಹೋದ ವರ್ಷದಿಂದ ಎದೆಯಲ್ಲಿ ಕೂತಿದ್ದ ಭಾರ ಇಳಿದಿತ್ತು. ಆದರೆ ಮನೆಗೆ ಬಂದು ಬಾಗಿಲು ತೆಗೆದರೆ ಒಳಗೆ ಯಾರೂ ಇಲ್ಲ. ತಾನೇ ರೊಟ್ಟಿ ಬಡಿಯಲು ಹೋಗಿ ಕೈ ಸುಟ್ಟುಕೊಂಡು, ಕಡೆಗೆ ಹಾಲಿಗೆ ಚುರುಮುರಿ ಹಾಕಿಕೊಂಡು ತಿಂದ. ಆಮೇಲೆ ಫೋನು ಮಾಡಿದ. ಕಾಶವ್ವ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ತೋರಿಸಿದಳು. ಕೂಸು ಆಕಳಿಸಿತು. ಆ ಒಂದು ಹಿಡಿ ಮುಖ ನೋಡಿದ ಮೇಲೆ ಅವನಿಗೆ ಇನ್ನು ಒಳಗೆ ಇಟ್ಟುಕೊಳ್ಳಲಾಗಲಿಲ್ಲ.

“ನಿನಗ ಭಾಳ ಅನ್ಯಾಯ ಮಾಡೀನಿ” ಎಂದ. “ಆಕೀ ಹೆಸರ ನಿನಗ ಇಡಬಾರದಿತ್ತು. ಇಷ್ಟ ವರ್ಷ ಹೊಟ್ಯಾಗ ಇಟ್ಕೊಂಡ ಸಂಕಟ ಪಟ್ಟೀನಿ.”

ಕಾಶವ್ವ ಕೂಸಿನ ಕುಂಚಿಗೆ ಸರಿಮಾಡಿದಳು.

“ಆಕೀ ಹೆಸರ ರೂಪಾಲಿ ಅಂತ ನಿಮಗ ಯಾರ ಹೇಳಿದ್ರು?”

ಒಂದು ದಿನ ಗಾಡಿಯಲ್ಲಿ ಟಿ.ಸಿ. ಬಂದಿದ್ದ, ಅವಳ ಕೈಯಿಂದ ಪಾಸು ತೆಗೆದುಕೊಂಡು ಹೆಸರು ಗಟ್ಟಿಯಾಗಿ ಓದಿದ, ಅದನ್ನು ಕೇಳಿದ್ದೆ ಎಂದ ದುಂಡಪ್ಪ. ಹೇಳುವಾಗ ಈ ವಯಸ್ಸಿನಲ್ಲೂ ಅವನ ಕಿವಿ ಕೆಂಪಾಯಿತು.

“ಆ ಪಾಸ್ ಆಕೀದಲ್ರಿ. ಆಕಿ ಮಾಲಾ. ನನ್ನ ಜೋಡಿ ಸಾಲ್ಯಾಗ ಇದ್ಲು. ತನ್ನ ಪಾಸ್ ಮುಗದಿತ್ತಂತ ಬಾಜೂಕ ಕುಂತಿದ್ದ ಗೆಳತಿ ಪಾಸ್ ತೋರ್ಸಿ ಪಾರಾಗಿದ್ಲು. ರೂಪಾಲಿ ಅಂದ್ರ ಆ ಗೆಳತಿ. ಶೇಂಗಾ ತಿನಕೋತ ಕುಂದರತಿದ್ಲಲ್ಲ, ಆಕಿ.”

ನಿನಗೆ ಇದು ಯಾವಾಗ ಗೊತ್ತಾಯಿತು ಎಂದು ದುಂಡಪ್ಪ ಕೇಳಿದ.

“ಹಂದರದಾಗ. ಮಾಲಾ ನನ್ನ ಬೆನ್ನಿಗೇ ನಿಂತಿದ್ಲು. ಹೆಸರ ಓದಿದ್ದ ಕೇಳಿ ನಗು ತಡಕೊಳ್ಳಾಕ ಆಗದ ಹೊರಗ ಓಡಿದ್ಲು. ಆಮ್ಯಾಲ ಬಂದು ನನ್ನ ಕಿವ್ಯಾಗ ಎಲ್ಲಾ ಹೇಳಿದ್ಲು. ನೀವ ನೋಡ್ಲಿಲ್ಲ, ತಲಿ ತಗ್ಗಿಸಿ ಅಕ್ಕಿ ನೋಡಾಕತ್ತಿದ್ರಿ.”

“ಮತ್ತ ಇಷ್ಟ ವರ್ಷ ಯಾಕ ಹೇಳ್ಲಿಲ್ಲ?”

“ಹೇಳಿದ್ರ ಅಳಿಸಿ ಮತ್ತೊಮ್ಮೆ ಬರೀತಿದ್ರಿ. ಅದಕ ಸುಮ್ಮನಾದೆ.”

ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ಹೊತ್ತಾಯಿತು ಎಂದು ಅವಳು ಫೋನಿಟ್ಟಳು. ದುಂಡಪ್ಪ ಆ ಶೇಂಗಾ ತಿನ್ನುವ ಹುಡುಗಿಯನ್ನು ನೆನಪು ಮಾಡಿಕೊಳ್ಳಲು ಕೂತ. ದಪ್ಪಗಿದ್ದಳೋ ತೆಳ್ಳಗಿದ್ದಳೋ, ಕಪ್ಪೋ ಕೆಂಪೋ, ಏನೂ ಹೊಳೆಯಲಿಲ್ಲ. ಎರಡು ವರ್ಷದಲ್ಲಿ ಅವನು ಆ ಕಡೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಸರ್ಕಾರದ ಕಾಗದಗಳ ಪ್ರಕಾರ ಈಗ ಅವನಿಗೆ ಪರದೇಶಕ್ಕೆ ಹೋಗಲು ಅಡ್ಡವಾಗಿದ್ದವಳು ಅವಳೇ. ಅವಳು ಬಂದು ಒಂದು ಸಹಿ ಮಾಡುವ ತನಕ ಅವನು ಮೊಮ್ಮಗಳನ್ನು ಎತ್ತಿಕೊಳ್ಳುವಂತಿರಲಿಲ್ಲ.